ಸಂದು ಕಾಣುವ ಕಡೆ ತಪ್ಪು ಇರುವುದಿಲ್ಲ: ಹಳೆಯ ಪಿಕಪ್ಪಿನ ಬಾಗಿಲು, ಬಾನೆಟ್ಟು, ತೊಟ್ಟಿ ಕೂಡಿಸುವ ಬಗೆ

ಪ್ರಶ್ನೆ: ನಮ್ಮದು ಸೇಡಂ. ಮನೆಯಲ್ಲಿ ತೊಗರಿ ಹೇರಲು ಇದ್ದ 1952ರ ಶೆವ್ರೊಲೆ 3100 ಪಿಕಪ್ಪನ್ನು ಮತ್ತೆ ಕಟ್ಟಿಸುತ್ತಿದ್ದೇನೆ. ಎರಡೂ ಬಾಗಿಲ ಕೆಳಗಿನ ಹೊಸ್ತಿಲು ತುಕ್ಕು ತಿಂದಿದ್ದರಿಂದ ಹೊಸ ತಗಡು ಹಾಕಿಸಿದೆ. ಈಗ ಎಡ ಬಾಗಿಲ ಹಿಂದಿನ ಸಂದು ಮೇಲೆ 3 ಮಿ.ಮೀ., ಕೆಳಗೆ 9 ಮಿ.ಮೀ. ಇದೆ. ಮುಂದಿನ ಸಂದು ಮೇಲಿಂದ ಕೆಳಗೆ ಒಂದೇ ಸಮ, 5 ಮಿ.ಮೀ. ಬಲ ಬಾಗಿಲ ಸಂದು ಪರವಾಗಿಲ್ಲ, ಆದರೆ ಅದರ ಕೆಳಗಿನ ಹಿಂಬದಿ ಮೂಲೆ 6 ಮಿ.ಮೀ. ಹೊರಗೆ ನಿಲ್ಲುತ್ತದೆ. ಬಾನೆಟ್ಟಿನ ಎಡ ಹಿಂಬದಿ ಮೂಲೆ ಕ್ಯಾಬಿನ್ನಿಗೆ ಉಜ್ಜುತ್ತದೆ, ಬಲಕ್ಕೆ 9 ಮಿ.ಮೀ. ಸಂದಿದೆ. ಇಂಜಿನ್ ಇನ್ನೂ ಕೂಡಿಸಿಲ್ಲ. "ಅಂಚಿಗೆ ಪುಟ್ಟಿ ತುಂಬಿ ಬಣ್ಣ ಹೊಡೆದುಬಿಡೋಣ, ಉಳಿದದ್ದು ಆಮೇಲೆ ನಟ್ಟು ಸಡಿಲಿಸಿ ಕೂಡಿಸಿದರಾಯ್ತು" ಎನ್ನುತ್ತಾರೆ ಮೇಸ್ತ್ರಿ. ಒಪ್ಪಲೇ?

ಉತ್ತರ:

ಒಪ್ಪಬೇಡಿ. ನಿಮ್ಮ ಮೇಸ್ತ್ರಿಯ ಕೈಚಳಕದ ಬಗ್ಗೆ ಅನುಮಾನವಿಲ್ಲ. ಇಂಜಿನ್ ಇಲ್ಲದ ಚಾಸಿಯ ಮೇಲೆ ಇಂದು ಕಾಣುವ ಸಂದು ನಾಳೆ ಇರುವುದಿಲ್ಲ, ಅಷ್ಟೇ. ಈ ಗಾಡಿಯ ಆರು ಸಿಲಿಂಡರಿನ ಬೀಡುಕಬ್ಬಿಣದ ಇಂಜಿನ್ನು ಗೇರ್‌ಬಾಕ್ಸ್ ಸೇರಿ ಕಾಲು ಟನ್ನಿಗಿಂತ ಹೆಚ್ಚು ತೂಗುತ್ತದೆ. ಅದು ಕೂತ ಮೇಲೆ ಚಾಸಿಯ ಮುಂಭಾಗ ತುಸು ಬಾಗುತ್ತದೆ, ಅದರ ಜೊತೆಗೆ ರೇಡಿಯೇಟರ್ ಫ್ರೇಮು, ಮಡ್‌ಗಾರ್ಡು, ಬಾನೆಟ್ಟು ಎಲ್ಲವೂ ಸರಿಯುತ್ತವೆ. ಆಗ ಪುಟ್ಟಿಯಲ್ಲಿ ಕಟ್ಟಿದ ಅಂಚು ಒಂದಕ್ಕೊಂದು ತಾಗಿ ಚಕ್ಕೆ ಏಳುತ್ತದೆ. ಬಣ್ಣ ಹೊಡೆದ ಮೇಲೆ ನಟ್ಟು ಸಡಿಲಿಸಿ ಬಾಗಿಲು ಎಳೆದಾಡುವುದು ಇನ್ನೂ ಕೆಟ್ಟದ್ದು, ಯಾಕೆಂದರೆ ಅಂಚಿಗೆ ಬಿದ್ದ ಗೀರನ್ನು ಅಲ್ಲಿಗಲ್ಲಿಗೆ ಮುಚ್ಚಲು ಬರುವುದಿಲ್ಲ, ಪೂರ್ತಿ ಬಾಗಿಲಿಗೇ ಮತ್ತೆ ಬಣ್ಣ ಬೇಕಾಗುತ್ತದೆ.

ನೀವು ಮುಂದಿನ ಸಂದನ್ನೂ ಅಳೆದು ಕಳಿಸಿದ್ದು ಒಳ್ಳೆಯದಾಯಿತು. ಎಡ ಬಾಗಿಲ ರೋಗ ಹಿಡಿದುಕೊಟ್ಟದ್ದು ಆ ಅಳತೆಯೇ. ಹಿಂದಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಲು ಎರಡು ಕಾರಣ ಇರುತ್ತವೆ. ಒಂದು, ಕಬ್ಜಾ ಸವೆದು ಬಾಗಿಲು ಜೋತುಬೀಳುವುದು. ಹಾಗಾಗಿದ್ದರೆ ಬಾಗಿಲು ಇಡಿಯಾಗಿ ತಿರುಗಿರುತ್ತದೆ: ಮುಂದಿನ ಸಂದು ಮೇಲೆ ಅಗಲ, ಕೆಳಗೆ ಕಿರಿದು ಆಗಬೇಕು, ಬಾಗಿಲ ಮೇಲಿನ ಉಬ್ಬುಗೆರೆ ಹಿಂದಕ್ಕೆ ಹೋದಂತೆ ಕ್ಯಾಬಿನ್ನಿನ ಗೆರೆಗಿಂತ ಕೆಳಗಿಳಿಯಬೇಕು. ನಿಮ್ಮಲ್ಲಿ ಮುಂದಿನ ಸಂದು ಒಂದೇ ಸಮ ಇದೆ. ಅಂದರೆ ಬಾಗಿಲು ನೆಟ್ಟಗಿದೆ, ಹಿಂದಿನ ಕಂಬ ಮುಂದಕ್ಕೆ ವಾಲಿದೆ. ಹಳೆಯ ಹೊಸ್ತಿಲು ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಬಿಗಿಯದಿದ್ದರೆ ಆಗುವುದೇ ಇದು. ಹೊಸ್ತಿಲು ಹೋದೊಡನೆ ಕ್ಯಾಬಿನ್ನಿನ ನಡು ಕುಸಿಯುತ್ತದೆ, ಎರಡು ಕಂಬಗಳ ತಲೆ ಒಂದರ ಕಡೆಗೊಂದು ಬಾಗುತ್ತದೆ, ಆ ಭಂಗಿಯಲ್ಲೇ ಹೊಸ ತಗಡು ಬೆಸುಗೆಯಾಗುತ್ತದೆ. ಇನ್ನೊಂದು ಖಾತ್ರಿಗೆ ಬಾಗಿಲನ್ನು ಅರ್ಧ ತೆರೆದು ಹಿಂಬದಿ ತುದಿ ಹಿಡಿದು ಎತ್ತಿ ನೋಡಿ. ಕಬ್ಜಾದಲ್ಲಿ ಲಟಲಟ ಆಟ ಇಲ್ಲದಿದ್ದರೆ ಅನುಮಾನ ಉಳಿಯುವುದಿಲ್ಲ.

ಆದರೂ ಕಂಬಕ್ಕೆ ಇಂದೇ ಜಾಕ್ ಹಾಕಬೇಡಿ. ಕೆಲಸ ನೆಲದಿಂದ ಶುರುವಾಗಬೇಕು.

ನಮ್ಮ ಕಡೆ ಶೆಡ್ಡುಗಳ ನೆಲ ಬಹುಪಾಲು ಶಹಾಬಾದ್ ಕಲ್ಲಿನದು, ಕೆಳಗೆ ಎರೆಮಣ್ಣು. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದರ ಜೊತೆ ಪರ್ಸಿಗಳು ಒಂದೊಂದೂ ಒಂದೊಂದು ಕಡೆ ವಾಲುತ್ತವೆ. ಹಾಗಾಗಿ ನೆಲವನ್ನು ನಂಬಿ ಅಳೆಯಬೇಡಿ. ಗಾರೆ ಕೆಲಸದವರ ನೀರಿನ ಲೆವೆಲ್ ಪೈಪು ತನ್ನಿ. ಗಾಡಿ ತನ್ನ ಗಾಲಿಗಳ ಮೇಲೆ ಇಲ್ಲವೇ ಅಚ್ಚಿನ ಕೆಳಗಿಟ್ಟ ಸ್ಟ್ಯಾಂಡುಗಳ ಮೇಲೆ ನಿಂತಿರಲಿ. ಸ್ಟ್ಯಾಂಡನ್ನು ಚಾಸಿಗೆ ಕೊಟ್ಟರೆ ಕಮಾನುಪಟ್ಟಿಗಳ ಮೇಲಿನ ಭಾರ ತಪ್ಪಿ ಚಾಸಿ ಬೇರೆ ಆಕಾರಕ್ಕೆ ಬರುತ್ತದೆ. ಪ್ರತಿ ಸ್ಟ್ಯಾಂಡಿನ ಕೆಳಗೆ 50 ಮಿ.ಮೀ. ದಪ್ಪದ ಹಲಗೆ ಇಡಿ. ಇಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್ ಮೊದಲು ಕೂಡಿಸಿ. 1949ರಿಂದ ಈ ಗಾಡಿಗಳ ಪೆಟ್ರೋಲ್ ಟ್ಯಾಂಕು ಕ್ಯಾಬಿನ್ನಿನೊಳಗೆ, ಸೀಟಿನ ಬೆನ್ನ ಹಿಂದೆ ಬಂತು. ಬೆಸುಗೆ ಇನ್ನೂ ಬಾಕಿ ಇರುವುದರಿಂದ ಆ ಟ್ಯಾಂಕನ್ನು ಗಾಡಿಯಿಂದಲೇ ಬಿಚ್ಚಿ ದೂರ ಇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ. ಅದರ ಜಾಗದಲ್ಲಿ 45 ಕೆ.ಜಿ. ಮರಳಿನ ಚೀಲ ಇಡಿ, 60 ಲೀಟರ್ ಪೆಟ್ರೋಲಿನ ತೂಕ ಸುಮಾರು ಅಷ್ಟೇ.

ಈಗ ಚಾಸಿಯ ಅಳತೆ. ಎಡಬಲ ಎರಡೂ ಕಡೆ ಒಂದೇ ತೂತು ಅಥವಾ ರಿವೆಟ್ಟಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಮುಂದೆರಡು, ಹಿಂದೆರಡು. ಮೂಲೆಯಿಂದ ಮೂಲೆಗೆ ಅಳೆದಾಗ ಎರಡು ಅಳತೆಗಳ ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ಮುಂದೆ ಹೋಗಬಹುದು. 6 ದಾಟಿದರೆ ಚಾಸಿ ಓರೆಯಾಗಿದೆ, ಅದನ್ನು ಎಳೆಸದೆ ಮೇಲಿನ ಕೆಲಸಕ್ಕೆ ಕೈ ಹಾಕುವುದು ದಂಡ. ಕ್ಯಾಬಿನ್ ಕೂರುವ ಜಾಗಗಳ ಎಡಬಲದ ಎತ್ತರವನ್ನೂ ಲೆವೆಲ್ ಪೈಪಿನಿಂದ ನೋಡಿ. ಅಲ್ಲೂ 3 ಮಿ.ಮೀ.ಗಿಂತ ಹೆಚ್ಚಿನ ವ್ಯತ್ಯಾಸ ಇರಬಾರದು. ದಶಕಗಟ್ಟಲೆ ಭಾರ ಹೊತ್ತ ಗಾಡಿಯಲ್ಲಿ ಅಡ್ಡತೊಲೆಗಳ ರಿವೆಟ್ಟು ಸಡಿಲಾಗಿರುವುದು ಸಾಮಾನ್ಯ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಬೆರಳಿಟ್ಟು ನೋಡಿದರೆ ಅಲುಗಾಟ ತಿಳಿಯುತ್ತದೆ.

ಆಮೇಲೆ ಕ್ಯಾಬಿನ್ನಿನ ಕೆಳಗಿನ ರಬ್ಬರ್ ಮೆತ್ತೆಗಳು. ಸೇಡಂ, ವಾಡಿ, ಶಹಾಬಾದ್ ಕಡೆ ಸಿಮೆಂಟ್ ಕಾರ್ಖಾನೆಗಳ ಹಳೆಯ ಕನ್ವೇಯರ್ ಬೆಲ್ಟು ಸುಲಭಕ್ಕೆ ಸಿಗುತ್ತದೆ, ಅದನ್ನೇ ಕತ್ತರಿಸಿ ಹಾಕುವುದು ರೂಢಿ. ತೊಟ್ಟಿಯ ಕೆಳಗೆ ಸದ್ದು ತಡೆಯಲು ಅದು ಪರವಾಗಿಲ್ಲ, ಕ್ಯಾಬಿನ್ನಿಗೆ ಬೇಡ. ಒಳಗೆ ಬಟ್ಟೆಯ ಪದರ ಇರುವುದರಿಂದ ಅದು ಬಗ್ಗುವುದಿಲ್ಲ, ಚಾಸಿಯ ತಿರುಚನ್ನೆಲ್ಲ ನೇರ ಕ್ಯಾಬಿನ್ನಿಗೆ ದಾಟಿಸುತ್ತದೆ, ಕೆಲವೇ ತಿಂಗಳಲ್ಲಿ ಹೊಸ ಬೆಸುಗೆಯ ಪಕ್ಕದಲ್ಲಿ ತಗಡು ಸೀಳುತ್ತದೆ. 60ರಿಂದ 70 ಶೋರ್ (ರಬ್ಬರಿನ ಗಡಸು ಅಳೆಯುವ ಮಾನ) ಗಡಸಿನ ರಬ್ಬರ್ ಬೇಕು, ಎಲ್ಲ ಮೆತ್ತೆಗಳೂ ಒಂದೇ ದಪ್ಪ, ಒಂದೇ ಗಡಸು. ಮೂರು ಹೊಸದು, ಒಂದು ಹಳೆಯದು ಎಂಬಂತೆ ಹಾಕಿದರೆ ಆ ಒಂದು ಮೂಲೆ ಇಳಿದು ಕ್ಯಾಬಿನ್ ತಿರುಚುತ್ತದೆ. ಎತ್ತರ ಹೊಂದಿಸಲು 1, 1.5 ಮತ್ತು 3 ಮಿ.ಮೀ. ಉಕ್ಕಿನ ತಗಡಿನಲ್ಲಿ ಒಂದು ಕಡೆ ಬಾಯಿ ಬಿಟ್ಟ ಪ್ಯಾಕಿಂಗ್ ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಬೋಲ್ಟು ಪೂರ್ತಿ ಬಿಚ್ಚದೆ ಪಕ್ಕದಿಂದ ತೂರಿಸಬಹುದು. ವಾಷರುಗಳನ್ನು ಪೇರಿಸಬೇಡಿ, ಅವು ರಬ್ಬರನ್ನು ಕೊರೆಯುತ್ತವೆ.

ಇಷ್ಟೂ ಆದ ಮೇಲೆ ಎಡ ಬಾಗಿಲ ಸಂದನ್ನು ಮತ್ತೆ ಅಳೆಯಿರಿ. 6 ಮಿ.ಮೀ. ವ್ಯತ್ಯಾಸದಲ್ಲಿ ಒಂದೆರಡು ತಾನಾಗಿಯೇ ಕಡಿಮೆಯಾಗಿದ್ದರೆ ಆಶ್ಚರ್ಯವಿಲ್ಲ. ಉಳಿದದ್ದಕ್ಕೆ ಚೌಕಟ್ಟನ್ನೇ ಸರಿಪಡಿಸಬೇಕು. ಬಾಗಿಲ ಚೌಕಟ್ಟು ಆಯತವಲ್ಲ, ಆದ್ದರಿಂದ ಅದರ ಎರಡು ಕರ್ಣ ಸಮ ಇರಬೇಕೆಂದು ನೋಡಬೇಡಿ. ಎಡ ಚೌಕಟ್ಟಿನ ಪ್ರತಿ ಅಳತೆಯನ್ನು ಬಲ ಚೌಕಟ್ಟಿನ ಅದೇ ಅಳತೆಗೆ ಹೋಲಿಸಿ. ನಿಮ್ಮಲ್ಲಿ ಕೆಳಗಿನ ಮುಂದಿನ ಮೂಲೆಯಿಂದ ಮೇಲಿನ ಹಿಂದಿನ ಮೂಲೆಗೆ ಹೋಗುವ ಕರ್ಣ ಎಡಗಡೆ ಗಿಡ್ಡ ಬರುತ್ತದೆ. ಅದೇ ದಿಕ್ಕಿನಲ್ಲಿ ತಳ್ಳಬೇಕು. ಬಾಗಿಲು ಬಿಚ್ಚಿಟ್ಟು, ಆ ಎರಡು ಮೂಲೆಗಳಿಗೆ ಗಟ್ಟಿಮರದ ತುಂಡು ಕೊಟ್ಟು, ನಡುವೆ ಡೆಂಟಿಂಗ್ ಅಂಗಡಿಯ ಹೈಡ್ರಾಲಿಕ್ ಜಾಕ್ ಇಟ್ಟು ನಿಧಾನಕ್ಕೆ ಒತ್ತಡ ಕೊಡಿ. ಬೇಕಾದ ಅಳತೆಗಿಂತ 2–3 ಮಿ.ಮೀ. ಹೆಚ್ಚು ತಳ್ಳಿ, ಬಿಟ್ಟು, ಎಷ್ಟು ಹಿಂದೆ ಬಂತೆಂದು ನೋಡಿ. ತಗಡು ಎಷ್ಟೋ ಭಾಗ ಮರಳಿ ಬರುತ್ತದೆ.

ಪೂರ್ತಿ ಮರಳಿ ಬಂದರೆ ಜಿದ್ದಿಗೆ ಬಿದ್ದು ಜೋರು ಮಾಡಬೇಡಿ, ಮೇಲಿನ ಮೂಲೆಯಲ್ಲಿ ಛಾವಣಿ ಸುಕ್ಕುಗಟ್ಟುತ್ತದೆ. ಹಿಡಿದುಕೊಂಡಿರುವುದು ಹೊಸ ಹೊಸ್ತಿಲ ಬೆಸುಗೆ. ಹಿಂದಿನ ಕಂಬದ ಬುಡದಲ್ಲಿ ಹೊಸ್ತಿಲು ಸೇರುವ ಕಡೆ ಬೆಸುಗೆ ಬಿಡಿಸಿ, ಚೌಕಟ್ಟನ್ನು ಜಾಕಿನಿಂದ ಸರಿಯಾದ ಅಳತೆಗೆ ತಂದು, 25×25 ಮಿ.ಮೀ. ಚೌಕ ಪೈಪನ್ನು ಕರ್ಣಕ್ಕೊಂದು, ಅಡ್ಡಕ್ಕೊಂದು ಬಿಗಿದು, ಬಾಗಿಲು ತೂಗುಹಾಕಿ ಸಂದು ನೋಡಿ, ಆಮೇಲೆ ಚುಕ್ಕೆ ಬೆಸುಗೆ ಹಾಕಿಸಿ. ಸಂದು ನೋಡುವಾಗ ಬಾಗಿಲು ಮುಚ್ಚಲು ಅಡ್ಡ ಬಾರದಂತೆ ಆ ಪೈಪುಗಳನ್ನು ಕ್ಯಾಬಿನ್ನಿನ ಒಳಬದಿಗೆ ಕೂಡಿಸಬೇಕು. ಒಂದು ದಿನದ ಕೆಲಸ ಹೆಚ್ಚಾಗುತ್ತದೆ. ಈ ಗಾಡಿಯಲ್ಲಿ ಬೇರೆ ಯಾವ ಕೆಲಸಕ್ಕೂ ಇಷ್ಟು ಬೆಲೆ ಇಲ್ಲ, ಯಾಕೆಂದರೆ ಹೊಸ್ತಿಲು ತಪ್ಪಾಗಿ ನಿಂತಿದ್ದರೆ ಮುಂದಿನ ಎಲ್ಲವೂ ಆ ತಪ್ಪಿಗೆ ಹೊಂದಿಕೊಂಡೇ ನಿಲ್ಲಬೇಕು.

ಬಾಗಿಲು ಹೊಂದಿಸುವಾಗ ಮೊದಲು ಲಾಕಿನ ಸ್ಟ್ರೈಕರ್, ಅಂದರೆ ಹಿಂದಿನ ಕಂಬದ ಮೇಲೆ ಲಾಕು ಕಚ್ಚಿಕೊಳ್ಳುವ ತುಂಡು, ಬಿಚ್ಚಿಡಿ. ಅದಿದ್ದರೆ ಬಾಗಿಲು ಮುಚ್ಚುವಾಗ ಅದರ ಮೇಲೆ ಹತ್ತಿ ಕೂರುತ್ತದೆ, ಜೋತಿರುವ ಬಾಗಿಲೂ ನೆಟ್ಟಗೆ ಕಾಣುತ್ತದೆ. ಕಬ್ಜಾ ಪಿನ್ನು ಸವೆದಿದ್ದರೆ ಕಲಬುರಗಿಯ ಯಾವುದೇ ಲೇತ್ ಅಂಗಡಿಯಲ್ಲಿ ಗನ್‌ಮೆಟಲ್ ಬುಷ್, ಹೊಸ ಪಿನ್ನು ಮಾಡಿಸಬಹುದು. ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ರೀಮರ್ ಹಾಕಿ ದುಂಡಾಗಿಸಿ, ಪಿನ್ನನ್ನು ಅದಕ್ಕೆ ತಕ್ಕ ದಪ್ಪಕ್ಕೆ ಕಡೆಸಿ. ಹೊಂದಿಸುವಾಗ ಒಂದು ಸಲಕ್ಕೆ ಒಂದೇ ಕಬ್ಜಾ, ಅದರಲ್ಲೂ ಒಂದೇ ಬದಿ ಸಡಿಲಿಸಿ. ಎರಡನ್ನೂ ಬಿಟ್ಟರೆ ಎಲ್ಲಿದ್ದೆವೆಂಬುದೇ ತಪ್ಪಿಹೋಗುತ್ತದೆ. ಒಂದು ಲೆಕ್ಕ ತಲೆಯಲ್ಲಿರಲಿ: ಬಾಗಿಲ ಅಗಲ ಎರಡು ಕಬ್ಜಾಗಳ ನಡುವಿನ ಅಂತರದ ಸುಮಾರು ಎರಡು ಪಟ್ಟು ಇರುತ್ತದೆ, ಹಾಗಾಗಿ ಕೆಳಗಿನ ಕಬ್ಜಾದ ಹಿಂದೆ 1 ಮಿ.ಮೀ. ಪಟ್ಟಿ ಕೊಟ್ಟರೆ ಬಾಗಿಲ ಹಿಂಬದಿ ತುದಿ ಸುಮಾರು 2 ಮಿ.ಮೀ. ಮೇಲೇಳುತ್ತದೆ. ಮೇಲಿನ ಕಬ್ಜಾಕ್ಕೆ ಕೊಟ್ಟರೆ ಅಷ್ಟೇ ಕೆಳಗಿಳಿಯುತ್ತದೆ. ಸಂದು ಅಳೆಯಲು ವಿಶೇಷ ಸಾಧನ ಬೇಕಿಲ್ಲ. 4, 5, 6 ಮಿ.ಮೀ. ಡ್ರಿಲ್ ಬಿಟ್ಟುಗಳ ನುಣುಪು ಹಿಡಿಕೆಯನ್ನು ಸಂದಿಗೆ ತೂರಿಸಿದರೆ ಸಾಕು.

ಬಲ ಬಾಗಿಲ ಮೂಲೆ ಹೊರಗೆ ನಿಲ್ಲುವುದಕ್ಕೆ ಮೊದಲ ಶಂಕೆ ಹೊಸ ರಬ್ಬರ್ ಬೀಡಿಂಗಿನ ಮೇಲೆ. ಬೀಡಿಂಗ್ ಕಿತ್ತು ಮುಚ್ಚಿ ನೋಡಿ. ಮೂಲೆ ಒಳಗೆ ಬಂದರೆ ಬಾಗಿಲಿಗೆ ಏನೂ ಮಾಡಬೇಡಿ, ಮೆದುವಾದ, ಸ್ಪಂಜಿನಂಥ ರಬ್ಬರ್ ತನ್ನಿ. ಬೀಡಿಂಗ್ ಇಲ್ಲದೆಯೂ ಹೊರಗೇ ನಿಂತರೆ ಬಾಗಿಲು ತಿರುಚಿದೆ. ಗಾಜು ಬಿಚ್ಚಿ, ಬಾಗಿಲ ಹಿಂಬದಿಯ ಮೇಲಿನ ಮೂಲೆಗೂ ಚೌಕಟ್ಟಿಗೂ ನಡುವೆ ಬಟ್ಟೆ ಸುತ್ತಿದ ಮರದ ತುಂಡಿಟ್ಟು, ಕೆಳಗಿನ ಮೂಲೆಯನ್ನು ಮೊಣಕಾಲಿನಿಂದ ಒಳಕ್ಕೆ ಒತ್ತಿ. ಸ್ವಲ್ಪ ಒತ್ತಿ, ನೋಡಿ, ಮತ್ತೆ ಒತ್ತಿ. ಹಳೆಯ ಬಾಗಿಲುಗಳು ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. 1–1.5 ಮಿ.ಮೀ. ಉಳಿದರೆ ಉಳಿಯಲಿ, ಕಾರ್ಖಾನೆಯಿಂದ ಬಂದಾಗಲೂ ಅಷ್ಟು ಇರುತ್ತಿತ್ತು.

ಈಗ ಬಾನೆಟ್ಟು. ಎಡ ಹಿಂಬದಿ ಮೂಲೆ ಕ್ಯಾಬಿನ್ನಿಗೆ ಉಜ್ಜಿ ಬಲದಲ್ಲಿ 9 ಮಿ.ಮೀ. ಇದ್ದರೆ ಬಾನೆಟ್ಟು ಮೇಲಿಂದ ನೋಡುವಾಗ ತಿರುಗಿದೆ, ಅದರ ಮೂಗು ಎಡಕ್ಕಿದೆ ಎಂದರ್ಥ. ಬಹಳ ಸಲ ಬಾನೆಟ್ಟಿನ ಕಬ್ಜಾ ನಿರಪರಾಧಿ, ರೇಡಿಯೇಟರ್ ಫ್ರೇಮೇ ಎಡಕ್ಕೆ ಸರಿದಿರುತ್ತದೆ. ಕ್ಯಾಬಿನ್ನಿನ ಮುಂಗೋಡೆಯ ಎಡ ಮೂಲೆಯ ಬೋಲ್ಟಿನಿಂದ ಬಲ ಮಡ್‌ಗಾರ್ಡಿನ ಮುಂದಿನ ಬೋಲ್ಟಿಗೆ, ಬಲದಿಂದ ಎಡಕ್ಕೆ, ಅಡ್ಡಡ್ಡ ಅಳೆಯಿರಿ. ಎರಡೂ ಸಮ ಬರುವವರೆಗೆ ರೇಡಿಯೇಟರ್ ಫ್ರೇಮನ್ನು ಸರಿಸಿ. ಮಡ್‌ಗಾರ್ಡು, ಗ್ರಿಲ್ಲು, ಒಳ ತಗಡು ಎಲ್ಲದರ ಬೋಲ್ಟು ಕೈಬಿಗಿತದಲ್ಲಿ ಮಾತ್ರ ಇರಬೇಕು. ಒಂದನ್ನು ಪೂರ್ತಿ ಬಿಗಿದರೆ ಉಳಿದವು ಅದರ ಹಿಂದೆ ಹೋಗುತ್ತವೆ. ನಿಮ್ಮ ಗಾಡಿಯಲ್ಲಿ ಮಡ್‌ಗಾರ್ಡು ಬಾಗಿಲಿಗೆ ತಾಗದೆ ಕ್ಯಾಬಿನ್ನಿನ ಮುಂದಿನ ತಗಡಿಗೆ ಕೂರುವುದರಿಂದ ಕೆಲಸ ಸ್ವಲ್ಪ ಹಗುರ. ಮಡ್‌ಗಾರ್ಡಿನ ಅಂಚು ನೇರ ಬಾಗಿಲಿಗೇ ತಾಗುವ ಗಾಡಿ ಇದ್ದವರು ನೆನಪಿಡಬೇಕಾದ್ದು: ರೇಡಿಯೇಟರ್ ಫ್ರೇಮಿನ ಕೆಳಗೆ ಪಟ್ಟಿ ಕೊಟ್ಟು ಎತ್ತಿದರೆ ಮಡ್‌ಗಾರ್ಡು ಹಿಂದಕ್ಕೆ ವಾಲಿ ಬಾಗಿಲ ಮೇಲ್ಭಾಗದ ಸಂದು ಮುಚ್ಚುತ್ತದೆ, ಇಳಿಸಿದರೆ ತೆರೆಯುತ್ತದೆ.

ತೊಟ್ಟಿ ಕೊನೆಗೆ. ಜನರಲ್ ಮೋಟಾರ್ಸ್ 1928ರಿಂದ 1954ರವರೆಗೆ ಮುಂಬೈಯ ಶಿವಡಿಯಲ್ಲಿ ಗಾಡಿ ಜೋಡಿಸುತ್ತಿತ್ತು. ಇಲ್ಲಿನ ಎಷ್ಟೋ ಪಿಕಪ್ಪುಗಳ ತೊಟ್ಟಿಯನ್ನು ಸ್ಥಳೀಯ ಬಡಗಿಗಳೇ ಕಟ್ಟಿದ್ದುಂಟು, ಆದ್ದರಿಂದ ಅಮೆರಿಕದ ಅಳತೆಗೆ ಕೂಡಲಿಲ್ಲವೆಂದು ಕತ್ತರಿ ಹಿಡಿಯಬೇಡಿ. ಕ್ಯಾಬಿನ್ನಿಗೂ ತೊಟ್ಟಿಗೂ ನಡುವೆ ಸುಮಾರು 25 ಮಿ.ಮೀ. ಸಂದು ಮೇಲಿಂದ ಕೆಳಗೆ ಸಮವಾಗಿರಲಿ. ಕ್ಯಾಬಿನ್ ರಬ್ಬರಿನ ಮೇಲೆ ಕೂತಿದೆ, ತೊಟ್ಟಿ ಚಾಸಿಗೆ ಬಿಗಿದಿದೆ, ಗುಂಡಿ ಹಾರುವಾಗ ಎರಡೂ ಬೇರೆ ಬೇರೆ ಅಲುಗುತ್ತವೆ, ಚಂದಕ್ಕೆಂದು 10 ಮಿ.ಮೀ.ಗೆ ಇಳಿಸಿದರೆ ಮೂಲೆ ಬಡಿದುಕೊಳ್ಳುತ್ತದೆ. ಹಿಂಬಾಗಿಲು ಹಾಕಿ ಅದರ ಎರಡೂ ಬದಿ 6 ಮಿ.ಮೀ. ಬಂದ ಮೇಲಷ್ಟೇ ಪಕ್ಕದ ತಗಡುಗಳ ಬೋಲ್ಟು ಬಿಗಿಯಿರಿ. ಮರದ ಹಲಗೆ ಮಳೆಗಾಲದಲ್ಲಿ ಕೊಂಡದ್ದಾದರೆ ನಮ್ಮ ಏಪ್ರಿಲ್ ಬಿಸಿಲಿಗೆ ಅಗಲದಲ್ಲಿ ಕುಗ್ಗುತ್ತದೆ. ಎರಡು ತಿಂಗಳು ನೆರಳಲ್ಲಿ ಒಣಗಿಸಿ, ಉಕ್ಕಿನ ಪಟ್ಟಿಯ ಕೆಳಗೆ ಹಲಗೆಗಳ ನಡುವೆ 2–3 ಮಿ.ಮೀ. ಬಿಟ್ಟು ಕೂಡಿಸಿ.

ಸಂದು ಎಷ್ಟಿರಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಪ್ರದರ್ಶನದ ಗಾಡಿಗಳ ಚಿತ್ರ ನೋಡಿ 3 ಮಿ.ಮೀ.ಗೆ ಆಸೆಪಡಬೇಡಿ. ಕಮಾನುಪಟ್ಟಿಯ ಮೇಲೆ ಓಡುವ ಈ ಗಾಡಿಗೆ ಬಾಗಿಲಲ್ಲಿ 5–6, ಬಾನೆಟ್ಟಿನಲ್ಲಿ 6–7 ಮಿ.ಮೀ. ಸರಿಯಾದದ್ದು. ಅಗಲಕ್ಕಿಂತ ಸಮಾನತೆ ಕಣ್ಣಿಗೆ ಮುಖ್ಯ: ಉದ್ದಕ್ಕೂ 6 ಇದ್ದರೆ ಚಂದ, 4ರಿಂದ 6ಕ್ಕೆ ಹೋದರೆ ಕುರೂಪ. ಬಣ್ಣದ ದಪ್ಪವನ್ನೂ ಎಣಿಸಿ. ಪ್ರೈಮರ್, ಸರ್ಫೇಸರ್, ಬಣ್ಣ, ಕ್ಲಿಯರ್ ಸೇರಿ ಒಂದು ಅಂಚಿಗೆ ಸುಮಾರು ಕಾಲು ಮಿ.ಮೀ. ಬರುತ್ತದೆ, ಎದುರುಬದುರು ಎರಡು ಅಂಚಿಗೆ ಅರ್ಧ. 5 ಬೇಕಾದರೆ ಬರಿ ತಗಡಿನಲ್ಲಿ 5.5 ಇಡಿ. ಅಳತೆಯನ್ನು ಬೆಳಿಗ್ಗೆ, ನೆರಳಲ್ಲೇ ತೆಗೆಯಿರಿ. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ 0.012 ಮಿ.ಮೀ. ಹಿಗ್ಗುತ್ತದೆ. ಒಂದು ಬದಿ ಬಿಸಿಲಿಗೆ ಕಾದು, ಇನ್ನೊಂದು ನೆರಳಲ್ಲಿ 25 ಡಿಗ್ರಿ ತಣ್ಣಗಿದ್ದರೆ ಒಂದು ಮೀಟರಿಗೆ 0.3 ಮಿ.ಮೀ. ಸುಳ್ಳು ಸೇರುತ್ತದೆ.

ಎಲ್ಲ ಹೊಂದಿಸಿದ ಮೇಲೂ ಒಂದು ಕಡೆ ಸಂದು ಅಗಲ ಉಳಿದರೆ ಆ ಅಂಚನ್ನು ಲೋಹದಿಂದಲೇ ಬೆಳೆಸಿ. ಸಿಓಟು ವೆಲ್ಡಿಂಗಿನಲ್ಲಿ 0.8 ಮಿ.ಮೀ. ತಂತಿಯಿಂದ ಅಂಚಿನ ಮೇಲೆ 25 ಮಿ.ಮೀ.ಗೊಂದು ಚುಕ್ಕೆ, ಕೈ ತಾಗಿಸುವಷ್ಟು ತಣ್ಣಗಾದ ಮೇಲೆ ನಡುವೆ ಇನ್ನೊಂದು. ಆತುರಪಟ್ಟು ಒಂದೇ ಎಳೆತಕ್ಕೆ ಎಳೆದರೆ ಬಾಗಿಲ ತಗಡು ಅಲೆಅಲೆಯಾಗುತ್ತದೆ. ನೀರು ಸುರಿದು ತಣಿಸಬೇಡಿ. ಆಮೇಲೆ ಸಣ್ಣ ಗ್ರೈಂಡರ್, ಕಡೆಗೆ ಅರ. ಪುಟ್ಟಿ ಅಂಚಿನ ಮೇಲೆ ಬೇಡ, ತಗಡಿನ ನಡುವೆ ಎಪಾಕ್ಸಿ ಪ್ರೈಮರ್ ಮೇಲೆ 2–3 ಮಿ.ಮೀ. ಮೀರದಂತೆ ಹಚ್ಚಿ. ಮೇ ತಿಂಗಳ ನಮ್ಮ ಬಿಸಿಲಲ್ಲಿ ಹಾರ್ಡನರ್ ಮಾಮೂಲಿನಂತೆ 2 ಶೇಕಡ ಹಾಕಿದರೆ ಕೈಯಲ್ಲೇ ಕಲ್ಲಾಗುತ್ತದೆ. ಡಬ್ಬಿಯ ಮೇಲೆ ಬರೆದ ಕನಿಷ್ಠ ಪ್ರಮಾಣ ಹಾಕಿ, ಬೆಳಿಗ್ಗೆ ಹತ್ತರೊಳಗೆ ಮುಗಿಸಿ.

ಬಿಚ್ಚುವ ಮುಂಚೆ ಪ್ರತಿ ಕಬ್ಜಾದಲ್ಲಿ ಎಲೆಯ (ಕಂಬಕ್ಕೆ ಬೋಲ್ಟಾಗುವ ಚಪ್ಪಟೆ ಭಾಗದ) ಮೂಲಕ ಕಂಬಕ್ಕೆ ಹಾಯುವಂತೆ 3 ಮಿ.ಮೀ.ನ ಎರಡೆರಡು ತೂತು ಕೊರೆಯಿರಿ. ಬಣ್ಣದ ನಂತರ ಅದೇ ತೂತಿಗೆ ಡ್ರಿಲ್ ಬಿಟ್ಟಿನ ಹಿಡಿಕೆ ತೂರಿಸಿ ಬೋಲ್ಟು ಬಿಗಿದರೆ ಬಾಗಿಲು ಕೂದಲೆಳೆಯಷ್ಟೂ ತಪ್ಪದೆ ಹಳೆಯ ಜಾಗಕ್ಕೆ ಬರುತ್ತದೆ. ಎಲ್ಲೆಲ್ಲಿ ಎಷ್ಟು ಪಟ್ಟಿ ಇತ್ತೆಂದು ಬರೆದು, ಆಯಾ ಬೋಲ್ಟಿನ ಜೊತೆ ಚೀಲದಲ್ಲಿ ಕಟ್ಟಿಡಿ. ಕೊರೆಯುವುದಕ್ಕೂ ಮೊದಲು, ಬೆಸುಗೆ ಪೂರ್ತಿ ಮುಗಿದು ಟ್ಯಾಂಕು ಕೂಡಿಸಿದ ಮೇಲೆ, ಎಪಾಕ್ಸಿ ಪ್ರೈಮರಿನಲ್ಲೇ ಗಾಡಿಯನ್ನು ಕಲಬುರಗಿಗೆ ಓಡಿಸಿ ತನ್ನಿ. ಹೋಗಿಬಂದರೆ ಸುಮಾರು ನೂರು ಕಿ.ಮೀ. ಆಗುತ್ತದೆ, ಹೊಸ ರಬ್ಬರ್ ಮೆತ್ತೆಗಳು ಕೂರಲು ಅಷ್ಟು ಬೇಕು. ಬಂದ ಮೇಲೆ ಕ್ಯಾಬಿನ್ ಬೋಲ್ಟು ಮತ್ತೆ ಬಿಗಿದು, ಮಾರನೇ ಬೆಳಿಗ್ಗೆ ಎಲ್ಲ ಸಂದು ಅಳೆಯಿರಿ. ಬದಲಾಗಿದ್ದರೆ ಪಟ್ಟಿ ಬದಲಿಸಿ, ಆಮೇಲೆ ತೂತು ಕೊರೆಯಿರಿ.

ಬಣ್ಣ ಒಣಗಿ ಮರುಜೋಡಣೆ ಮಾಡುವಾಗ ಬಾಗಿಲಿಗೆ ಇಬ್ಬರು ಹಿಡಿಯುವವರು, ಒಬ್ಬ ಬಿಗಿಯುವವ ಬೇಕು. ಬಾಗಿಲ ಅಂಚಿಗೂ ಎದುರಿನ ಅಂಚಿಗೂ ಮಾಸ್ಕಿಂಗ್ ಟೇಪಿನ ಮೂರು ಪದರ ಸುತ್ತಿರಲಿ. ಬಾಗಿಲು ನಿಂತ ಮೇಲೆ ಬೀಡಿಂಗ್, ಅದಾದ ಮೇಲೆ ಗಾಜು, ಎಲ್ಲಕ್ಕೂ ಕೊನೆಗೆ ಸ್ಟ್ರೈಕರ್. ಸ್ಟ್ರೈಕರನ್ನು ಬಾಗಿಲು ಇರುವ ಎತ್ತರಕ್ಕೆ ತನ್ನಿ, ಬಾಗಿಲನ್ನು ಅದರ ಎತ್ತರಕ್ಕೆ ಎತ್ತಬೇಡಿ. ಹೊಸ ರಬ್ಬರಿನಿಂದ ಮೊದಲ ಎರಡು ವಾರ ಬಾಗಿಲು ಮುಚ್ಚಲು ಜೋರು ಬೇಕಾಗುತ್ತದೆ. ಅದನ್ನು ನೋಡಿ ಸ್ಟ್ರೈಕರನ್ನು ಹೊರಕ್ಕೆ ಸರಿಸಿದರೆ ರಬ್ಬರ್ ಕೂತ ಮೇಲೆ ಬಾಗಿಲು ಗಡಗಡ ಎನ್ನುತ್ತದೆ. ಗಾಡಿ ನಿಂತಿರುವಾಗಲೆಲ್ಲ ಬಾಗಿಲು ಪೂರ್ತಿ ಮುಚ್ಚಿಡಿ, ರಬ್ಬರ್ ತಾನೇ ಕೂರುತ್ತದೆ.